ಅಪ್ಪನ ಟ್ರಂಕಿನ ಯೂನಿಫಾರ್ಮು, ಮೆಡಲು: ಮಾಜಿ ಸೈನಿಕರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಪ್ಪ ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಇಂಜಿನಿಯರ್ ಗ್ರೂಪಿನ ತಂಬಿ. ಅಲ್ಲಿನ ಸೈನಿಕರನ್ನು ಕರೆಯೋದೇ ಹಾಗೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ 1968ರಲ್ಲಿ ಭರ್ತಿಯಾದರು. 24 ವರ್ಷ ಕಳೆದು ನಾಯಬ್ ಸುಬೇದಾರ್ ಆಗಿ ಸಕಲೇಶಪುರದ ಕಡೆ ನಮ್ಮ ಹಳ್ಳಿಗೆ ವಾಪಸ್ ಬಂದರು. ಜೊತೆಗೆ ಒಂದು ಕಪ್ಪು ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ಅವರು ತೀರಿಕೊಂಡ ಮೇಲೆ ಆ ಟ್ರಂಕು ನನ್ನ ಪಾಲಿಗೆ ಬಂತು.

ಒಳಗಿದ್ದದ್ದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ತಪ್ಪು ಮಾಡಿದೆ, ಹಿರಿಯರನ್ನು ಕೇಳಿದೆ, ನಿಧಾನಕ್ಕೆ ಕಲಿತೆ. ಈಗ ನಮ್ಮ ತಾಲೂಕಿನ ಮಾಜಿ ಸೈನಿಕರ ಮನೆಯವರು ನನ್ನನ್ನು ಕೇಳುತ್ತಾರೆ. ಹೆಚ್ಚಾಗಿ ಕೇಳುವವರು ಹೆಂಡತಿಯರು, ಹೆಣ್ಣುಮಕ್ಕಳು, ಸೊಸೆಯಂದಿರು. ಅವರ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

ರಿಟೈರ್ ಆದ ಮೇಲೆ ಯೂನಿಫಾರ್ಮ್ ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಬಹುದು. ಆಯುಧ, ಸ್ಟೋರಿನ ಸಾಮಾನು, ನೌಕರಿಯ ಗುರುತಿನ ಚೀಟಿ ಇವನ್ನೆಲ್ಲ ಒಪ್ಪಿಸಿ, ಕ್ಲಿಯರೆನ್ಸ್ ತಗೊಂಡೇ ಊರಿಗೆ ಬರುತ್ತಾರೆ. ತಾವು ಹೊಲಿಸಿಕೊಂಡ ಬಟ್ಟೆ, ಟೋಪಿ, ಬೆಲ್ಟು, ಬ್ಯಾಡ್ಜು ಮನೆಗೆ ಬರುತ್ತವೆ. ಮೆಡಲಂತೂ ಅವರದ್ದೇ. ಅದನ್ನು ಯಾರೂ ವಾಪಸ್ ಕೇಳುವುದಿಲ್ಲ.

ಹಾಗಾದರೆ ಹಬ್ಬಕ್ಕೋ ಮದುವೆಗೋ ಹಾಕಿಕೊಳ್ಳಬಹುದಾ?

ಇಟ್ಟುಕೊಳ್ಳೋದು ಬೇರೆ, ಹಾಕಿಕೊಳ್ಳೋದು ಬೇರೆ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಓದಿ. ಸೈನಿಕನಲ್ಲದವನು, ತಾನು ಸೈನಿಕ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ ಸೈನಿಕರ ಉಡುಪು ಹಾಕಿದರೆ, ಅವರ ಗುರುತು ಧರಿಸಿದರೆ, 3 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲೂ 140ನೇ ಕಲಮಿನಲ್ಲಿ ಇದೇ ಇತ್ತು. ದಂಡ ಮಾತ್ರ 500 ರೂಪಾಯಿ ಇತ್ತು. ಗಮನಿಸಿ, ಕಾನೂನು ನೋಡುವುದು ಉದ್ದೇಶವನ್ನು.

ನಿಮ್ಮ ಅಪ್ಪನಿಗೆ ಮೋಸ ಮಾಡುವ ಯೋಚನೆಯೇ ಇಲ್ಲ ಅನ್ನೋದು ನನಗೂ ಗೊತ್ತು. ಆದರೆ ಬೀದಿಯಲ್ಲಿ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ಸೈನಿಕರ ಬಟ್ಟೆಯಲ್ಲೇ ಬಂದಿದ್ದರು. ಅದಾದ ಮೇಲೆ, ಸೈನ್ಯದ ಮಾದರಿಯ ಬಟ್ಟೆ ಹಾಕಬೇಡಿ ಅಂತ ಜನರಿಗೆ, ಮಾರಬೇಡಿ ಅಂತ ಅಂಗಡಿಯವರಿಗೆ ಸೈನ್ಯವೇ ಕೇಳಿಕೊಂಡಿತು. ಪೂರ್ತಿ ಯೂನಿಫಾರ್ಮ್ ಅಂದರೆ ಅದು ಈಗ ಡ್ಯೂಟಿಯಲ್ಲಿ ಇರುವವರ ಗುರುತು.

ಒಂದು ಪದವಿಯವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೇ ಇಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಆ ಪದವಿ ಬಂದಾಗ ಅವರು ಸೇವೆ ಬಿಟ್ಟು 30 ವರ್ಷ ದಾಟಿತ್ತು. ಆ ಪದವಿ ಕೊನೆಯ ಉಸಿರಿನವರೆಗೆ ಇರುವಂಥದ್ದು, ಯೂನಿಫಾರ್ಮಿನ ಹಕ್ಕೂ ಹಾಗೆಯೇ.

ಉಳಿದವರಿಗೆ ಚೆಂದ ಕಾಣುವ ದಾರಿ ಒಂದಿದೆ. ಕಪ್ಪು ಅಥವಾ ಕಡುನೀಲಿ ಕೋಟು, ರೆಜಿಮೆಂಟಿನ ಟೈ, ತಲೆಗೆ ರೆಜಿಮೆಂಟಿನ ಬೆರೆ ಟೋಪಿ, ಎದೆಗೆ ಮೆಡಲು. ಗಣರಾಜ್ಯೋತ್ಸವದ ದಿನ ಜಿಲ್ಲಾ ಮೈದಾನದಲ್ಲಿ ಹೀಗೆ ಬಂದು ನಿಲ್ಲುವ ಹಿರಿಯರನ್ನು ನೋಡಿ. ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ ಅನ್ನಿಸುತ್ತೆ.

ಮೆಡಲ್ ಯಾವ ದಿನ ಹಾಕಬೇಕು? ಯಾವ ಕಡೆ? ಯಾವುದು ಮೊದಲು?

ಆಗಸ್ಟ್ 15, ಜನವರಿ 26 ಎಲ್ಲರಿಗೂ ಗೊತ್ತು. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ತಾರೀಖು ಕಾರ್ಯಪ್ಪನವರು ನಿವೃತ್ತರಾದರು, ಅದಕ್ಕೇ ಆ ದಿನ ಆರಿಸಿದ್ದು. ಮಾರನೇ ದಿನ ಸೇನಾ ದಿನ. ಜುಲೈ 26 ಕಾರ್ಗಿಲ್, ಡಿಸೆಂಬರ್ 16 ಎಪ್ಪತ್ತೊಂದರ ವಿಜಯ ದಿವಸ. ರೆಜಿಮೆಂಟಿನ ದಿನ, ಜೊತೆಗಾರನ ಅಂತ್ಯಕ್ರಿಯೆ ಇವಕ್ಕೂ ಹಾಕುತ್ತಾರೆ.

ಎಡ ಎದೆಗೆ, ಸಾಲಾಗಿ. ಗೌರವದಲ್ಲಿ ಎಲ್ಲಕ್ಕಿಂತ ದೊಡ್ಡದು ಎದೆಯ ನಡುವಿನ ಗುಂಡಿ ಸಾಲಿಗೆ ಹತ್ತಿರ. ಅಲ್ಲಿಂದ ತೋಳಿನ ಕಡೆಗೆ ಇಳಿಯುತ್ತಾ ಹೋಗುತ್ತವೆ. ಎದುರು ನಿಂತವರಿಗೆ ದೊಡ್ಡದು ಎಡಗಡೆ ಕಾಣುತ್ತೆ. ಮೊದಲು ಶೌರ್ಯದ ಪದಕ, ಆಮೇಲೆ ಯುದ್ಧದ್ದು, ಕೊನೆಗೆ ಸ್ವಾತಂತ್ರ್ಯೋತ್ಸವದ ನೆನಪಿನದು ಮತ್ತು ದೀರ್ಘ ಸೇವೆಯದು. ನಮ್ಮಪ್ಪನ ಸಾಲು ಹೀಗಿದೆ: ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 20 ವರ್ಷದ ಸೇವೆಯದು, 9 ವರ್ಷದ ಸೇವೆಯದು. 9 ವರ್ಷದ್ದು ಮೊದಲು ಸಿಕ್ಕಿದರೂ ಅದು ಕೊನೆಗೇ ಬರುತ್ತೆ. ಇದೊಂದನ್ನು ಜನ ಯಾವಾಗಲೂ ತಿರುಗಿಸಿ ಹಾಕುತ್ತಾರೆ.

ರಾಜಕೀಯ ಪಕ್ಷದ ವೇದಿಕೆಗೆ ಮೆಡಲ್ ಹಾಕಿಕೊಂಡು ಹೋಗಬೇಡಿ ಅನ್ನೋದು ನನ್ನ ಖಂಡಿತ ಅಭಿಪ್ರಾಯ. ಯಾವ ಪಕ್ಷವೇ ಆಗಲಿ. ಆದರೆ ತಮ್ಮ ಹಕ್ಕು ಕೇಳುವ ಹಿರಿಯರ ಮಾತು ಬೇರೆ. 2015ರಲ್ಲಿ ಒಂದೇ ರ‍್ಯಾಂಕ್ ಒಂದೇ ಪಿಂಚಣಿಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕೂತವರು ಮೆಡಲ್ ಧರಿಸಿಯೇ ಕೂತಿದ್ದರು. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಅಪ್ಪ ಈಗಿಲ್ಲ. ಅವರ ಮೆಡಲ್ ನಾನು ಹಾಕಿಕೊಳ್ಳಬಹುದಾ?

ಹುತಾತ್ಮರ ಸ್ಮಾರಕಕ್ಕೆ ಹೂವಿಡುವ ಕಾರ್ಯಕ್ರಮ, ಶ್ರದ್ಧಾಂಜಲಿ ಇಂಥ ಕಡೆ ಹಾಕಿಕೊಳ್ಳಬಹುದು. ಆದರೆ ಬಲ ಎದೆಗೆ. ಎಡಗಡೆ ಹಾಕಿದರೆ 'ಇದು ನಾನು ಗಳಿಸಿದ್ದು' ಅಂದ ಹಾಗೆ. ಬಲಗಡೆ ಹಾಕಿದರೆ 'ಇದು ನಮ್ಮವರದ್ದು' ಅಂದ ಹಾಗೆ. ಸೀರೆ ಮೇಲೂ ಹಾಕಬಹುದು. ಆದರೆ ಪಿನ್ನು ಸೆರಗಿಗೆ ಚುಚ್ಚಬೇಡಿ. ಐದು ಮೆಡಲಿನ ಭಾರಕ್ಕೆ ರೇಷ್ಮೆ ಹರಿಯುತ್ತೆ. ನಾನು ರವಿಕೆಯ ಮೇಲೆ ಒಂದು ಚಿಕ್ಕ ಕೋಟು ಹಾಕಿ ಅದಕ್ಕೆ ಸಿಕ್ಕಿಸುತ್ತೇನೆ.

ಪೆಟ್ಟಿಗೆಯಲ್ಲಿ ನಾಲ್ಕೈದು ಮೆಡಲ್ ಇವೆ. ಯಾವುದು ಏನು ಅಂತ ಗೊತ್ತಾಗೋದು ಹೇಗೆ?

ಮೊದಲು ಅಂಚು ನೋಡಿ. ದುಂಡಗಿನ ಮೆಡಲನ್ನು ನಾಣ್ಯದ ಹಾಗೆ ಬೆರಳುಗಳ ನಡುವೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಸುತ್ತಲೂ ಸಣ್ಣ ಇಂಗ್ಲಿಷ್ ಅಕ್ಷರಗಳು ಒತ್ತಿರುತ್ತವೆ. ಸೈನಿಕನ ನಂಬರು, ರ‍್ಯಾಂಕು, ಹೆಸರು, ದಳ. ನಕ್ಷತ್ರದ ಆಕಾರದ್ದಾದರೆ ಅಂಚಿನಲ್ಲಿ ಜಾಗ ಇರಲ್ಲ, ಬೆನ್ನು ನೋಡಿ.

ನಮ್ಮ ಮನೆಯಲ್ಲಿ ಈ ಅಂಚನ್ನು 30 ವರ್ಷ ಯಾರೂ ನೋಡಿರಲಿಲ್ಲ. ಮೊದಲ ಸಲ ನೋಡಿದ ದಿನ ನನಗೆ ಕಣ್ಣು ತುಂಬಿ ಬಂತು. ಮೆಡಲಿನ ಮುಖ ಲಕ್ಷಾಂತರ ಜನಕ್ಕೆ ಒಂದೇ. ಅಂಚು ಮಾತ್ರ ಒಬ್ಬರದ್ದೇ.

ಆಮೇಲೆ ಮುಖ ಓದಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೆಸರು ಇರುತ್ತೆ, ಕೆಲವದರಲ್ಲಿ ಇಸವಿಯೂ. ಸಮರ್ ಸೇವಾ ಸ್ಟಾರ್, ರಕ್ಷಾ ಮೆಡಲ್ ಅಂದರೆ 1965. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಅಂದರೆ 1971. ಪೂರ್ವಿ ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಪಶ್ಚಿಮಿ ಅಂದರೆ ಪಾಕಿಸ್ತಾನದ ಗಡಿ ಕಡೆ. ಆಪರೇಷನ್ ವಿಜಯ್ ಅಂದರೆ ಕಾರ್ಗಿಲ್, 1999. ಸಿಯಾಚಿನ್ನಿನದಕ್ಕೆ ಅದರದ್ದೇ ಹೆಸರಿದೆ. ಇವಿಷ್ಟು ಗೊತ್ತಾದರೆ ಅಪ್ಪ ಎಲ್ಲೆಲ್ಲಿ ಇದ್ದರು ಅನ್ನೋದರ ಅರ್ಧ ನಕ್ಷೆ ಸಿಕ್ಕಿದ ಹಾಗೆ.

ಶೌರ್ಯದ ಪದಕವನ್ನು ರಿಬ್ಬನ್ನಿನಲ್ಲೇ ಗುರುತಿಸಬಹುದು. ಪೂರ್ತಿ ನೇರಳೆ ಬಣ್ಣ ಪರಮವೀರ ಚಕ್ರ. ಅರ್ಧ ಬಿಳಿ ಅರ್ಧ ಕೇಸರಿ ಮಹಾವೀರ ಚಕ್ರ. ಅರ್ಧ ಕಡುನೀಲಿ ಅರ್ಧ ಕೇಸರಿ ವೀರ ಚಕ್ರ. ಯುದ್ಧವಲ್ಲದ ಹೊತ್ತಿನ ಶೌರ್ಯಕ್ಕೆ ಕೊಡುವವು ಹಸಿರು ರಿಬ್ಬನ್ನಿನವು. ನಡುವೆ ಒಂದು ಕೇಸರಿ ಗೆರೆ ಇದ್ದರೆ ಅಶೋಕ ಚಕ್ರ, ಎರಡಿದ್ದರೆ ಕೀರ್ತಿ ಚಕ್ರ, ಮೂರಿದ್ದರೆ ಶೌರ್ಯ ಚಕ್ರ. ಇಂಥದ್ದೊಂದು ಮನೆಯಲ್ಲಿ ಇದ್ದರೆ ಅದರ ಜೊತೆ ಬಂದ ಪ್ರಶಸ್ತಿ ಪತ್ರವನ್ನು ಲ್ಯಾಮಿನೇಷನ್ ಮಾಡಿಸದೆ ಹಾಗೇ ಜೋಪಾನ ಮಾಡಿ. ಆ ಪದಕಕ್ಕೆ ತಿಂಗಳ ಭತ್ಯೆ ಇದೆ, ಅದು ಸೈನಿಕರ ನಂತರ ಹೆಂಡತಿಗೆ ಬರುತ್ತೆ. ಅಮ್ಮನಿಗೆ ಅದು ಬರ್ತಾ ಇದೆಯಾ ಅಂತ ಒಮ್ಮೆ ಪಾಸ್‌ಬುಕ್ ನೋಡಿ.

ಅಂಚಿನಲ್ಲಿ ಅಪ್ಪನ ಹೆಸರೇ ತಪ್ಪಿದೆ. ಬೇರೆಯವರ ಮೆಡಲ್ ಬಂದಿದೆಯಾ?

ನಂಬರ್ ತಾಳೆ ನೋಡಿ. ಸೇವೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ನಂಬರೂ ಮೆಡಲಿನ ನಂಬರೂ ಒಂದೇ ಇದ್ದರೆ ಅದು ಅವರದ್ದೇ. ನಮ್ಮ ಊರಿನ ಹೆಸರುಗಳನ್ನು ಭರ್ತಿ ದಿನ ಯಾರೋ ಕಿವಿಗೆ ಕೇಳಿದ ಹಾಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಗೌಡ ಅನ್ನೋದು ನಾಲ್ಕು ಥರ ಆಗಿರುತ್ತೆ. ನಮ್ಮಪ್ಪನ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇದೆ. 24 ವರ್ಷ ಅವರು ಆ ಅಕ್ಷರದ ಜೊತೆಗೇ ಬದುಕಿದರು. ಮೆಡಲನ್ನು ತಿದ್ದಿಸೋಕೆ ಹೋಗಬೇಡಿ. ಪಿಂಚಣಿಯ ಕಾಗದದಲ್ಲಿ, ಆಧಾರ್‌ನಲ್ಲಿ ಹೆಸರು ಹೊಂದದಿದ್ದರೆ ಅದನ್ನು ಮಾತ್ರ ಬೇಗ ಸರಿ ಮಾಡಿಸಿ, ಇಲ್ಲಾಂದ್ರೆ ಅಮ್ಮನ ಫ್ಯಾಮಿಲಿ ಪೆನ್ಷನ್ ಹೊತ್ತಿಗೆ ಅಲೆಯಬೇಕಾಗುತ್ತೆ.

ಮೆಡಲ್ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಲಾ?

ದಯವಿಟ್ಟು ಬೇಡ. ಹುಣಸೆಹಣ್ಣು ಬೇಡ, ಬೂದಿ ಬೇಡ, ನಿಂಬೆಹುಳಿ ಬೇಡ, ಟೂತ್‌ಪೇಸ್ಟ್ ಬೇಡ. ಬೆಲ್ಟಿನ ಬಕಲ್ಲಿಗೆ ಹಾಕುತ್ತಿದ್ದ ಬ್ರಾಸೋ ಕೂಡ ಬೇಡ. ಸೇವೆಯಲ್ಲಿ ಇರುವಾಗ ಹೊಳೆಯಲೇಬೇಕು, ಇನ್‌ಸ್ಪೆಕ್ಷನ್ ಇರುತ್ತೆ. ಈಗ ಯಾರೂ ಇನ್‌ಸ್ಪೆಕ್ಷನ್ ಮಾಡಲ್ಲ ಅಲ್ವಾ. ಪ್ರತಿ ಸಲ ತಿಕ್ಕಿದಾಗಲೂ ಲೋಹದ ಒಂದು ಪದರ ಹೋಗುತ್ತೆ. ಮೊದಲು ಸವೆಯುವುದು ಅಂಚಿನ ಹೆಸರೇ.

ನಮ್ಮ ಅಮ್ಮ ಒಂದು ಗೌರಿ ಹಬ್ಬಕ್ಕೆ ದೀಪದ ಕಂಬದ ಜೊತೆ ಮೆಡಲ್‌ಗಳನ್ನೂ ಹುಣಸೆಹಣ್ಣಿನಲ್ಲಿ ತೊಳೆದರು. ಪ್ರೀತಿಯಿಂದಲೇ ಮಾಡಿದ್ದು. ನಕ್ಷತ್ರ ತಾಮ್ರದ ಚೊಂಬಿನ ಹಾಗೆ ಫಳಫಳ ಹೊಳೆಯಿತು. ಹುಳಿ ನೀರು ರಿಬ್ಬನ್ನಿಗೆ ಇಳಿದು ಬಣ್ಣ ಒಂದಕ್ಕೊಂದು ಹರಡಿಕೊಂಡಿತು. ಆ ಕಲೆ ಇವತ್ತಿಗೂ ಇದೆ.

ಮಾಡಬೇಕಾದದ್ದು ಇಷ್ಟೇ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೆಡಲನ್ನು ಅಂಚಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ಬೆವರಿನ ಉಪ್ಪಿಗೆ ಬೆರಳ ಗುರುತು ಕಪ್ಪಾಗಿ ಕೂರುತ್ತೆ. ತೊಳೆದು ಮೆತ್ತಗಾದ ಹಳೆ ಹತ್ತಿ ಬಟ್ಟೆಯಲ್ಲಿ ಹಗುರಾಗಿ ಒರೆಸಿ. ತುಂಬಾ ಜಿಡ್ಡಿದ್ದರೆ ರಿಬ್ಬನ್ ಬಿಚ್ಚಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಮೆದು ಸೋಪು ಹಾಕಿ ಅದ್ದಿ, ಕೂಡಲೇ ಒಣಗಿಸಿ. ಕಪ್ಪು ಇದ್ದರೆ ಇರಲಿ, ಅದು ವಯಸ್ಸು. ಹಸಿರು ಕಿಲುಬು ಹತ್ತಿದ್ದರೆ ಮಾತ್ರ ಬಿಡಬೇಡಿ, ಅದು ಲೋಹವನ್ನು ತಿನ್ನುತ್ತೆ. ಒಣ ಬಿದಿರು ಕಡ್ಡಿಯ ತುದಿಯಿಂದ ಮೆಲ್ಲಗೆ ಬಿಡಿಸಿ.

ರಿಬ್ಬನ್ ಹರಿದಿದ್ದರೆ ಹೊಸದು ಸಿಗುತ್ತೆ, ಅಗಲ 32 ಮಿಲಿಮೀಟರ್. ದಂಡು ಪ್ರದೇಶದ ಮಿಲಿಟರಿ ಟೈಲರ್‌ಗಳಿಗೆ ಮೆಡಲಿನ ಹೆಸರು ಹೇಳಿದರೆ ಸಾಕು. ಹಳೇ ರಿಬ್ಬನ್ ಬಿಸಾಡಬೇಡಿ. ಎದೆ ಮೇಲೆ ಇದ್ದದ್ದು ಅದೇ. ಒಂದು ಕವರಿನಲ್ಲಿ ಹಾಕಿ ಜೊತೆಗೇ ಇಡಿ.

ಗೋಡೆಗೆ ಫ್ರೇಮ್ ಹಾಕಿಸಬೇಕು ಅಂತಿದ್ದೀವಿ.

ಹಾಕಿಸಿ, ಆದರೆ ಪಕ್ಕದಲ್ಲಿ ನಿಂತು ಹಾಕಿಸಿ. ನಾನು ಹಾಸನದ ಒಂದು ಅಂಗಡಿಯಲ್ಲಿ ಕೊಟ್ಟು ಸುಮ್ನೆ ಮನೆಗೆ ಬಂದೆ. ವಾರ ಬಿಟ್ಟು ಹೋದರೆ ಕೆಂಪು ವೆಲ್ವೆಟ್ಟಿನ ಮೇಲೆ ಐದೂ ಮೆಡಲ್ ಸಾಲಾಗಿ ಕೂತಿದ್ದವು. ನೋಡೋಕೆ ಚೆಂದವೇ. ತೆಗೆದು ನೋಡಿದಾಗ ತಿಳಿಯಿತು, ಬೆನ್ನಿಗೆ ಅಂಟು ಮೆತ್ತಿ ಒತ್ತಿದ್ದಾರೆ. ಪಶ್ಚಿಮಿ ಸ್ಟಾರಿನ ಬೆನ್ನಲ್ಲೇ ಅಪ್ಪನ ಹೆಸರಿತ್ತು. ಅಂಟು ಬಿಡಿಸೋಕೆ ನಾನು ಮೂರು ಭಾನುವಾರ ಕೂತೆ. ರ‍್ಯಾಂಕಿನ ಎರಡು ಅಕ್ಷರ ಈಗಲೂ ಸರಿಯಾಗಿ ಕಾಣಲ್ಲ.

ಅಂಟು ಹಾಕಿಸಲೇಬೇಡಿ. ರಿಬ್ಬನ್ನಿನ ಮೇಲ್ಭಾಗವನ್ನು ಬಟ್ಟೆಗೆ ಹೊಲಿಗೆ ಹಾಕಿ ನಿಲ್ಲಿಸಬಹುದು. ಗಾಜಿಗೂ ಮೆಡಲಿಗೂ ನಡುವೆ ಒಂದು ಬೆರಳು ಜಾಗ ಇರಲಿ. ಬಿಸಿಲು ಬೀಳುವ ಗೋಡೆ ಬೇಡ, ರಿಬ್ಬನ್ನಿನ ಬಣ್ಣ ಒಂದೆರಡು ಬೇಸಿಗೆಗೇ ಬೆಳ್ಳಗಾಗುತ್ತೆ. ಮಲೆನಾಡಿನವರು ಹೊರಗೋಡೆ ಕೂಡ ಬಿಡಿ, ಮಳೆಗಾಲದಲ್ಲಿ ಶೀತ ಇಳಿದು ಫ್ರೇಮಿನ ಬೆನ್ನಿಗೆ ಬೂಷ್ಟು ಹಿಡಿಯುತ್ತೆ.

ಇನ್ನೂ ಒಳ್ಳೆಯ ಉಪಾಯ ಅಂದರೆ, ಗೋಡೆಗೆ ರೆಪ್ಲಿಕಾ ಹಾಕಿ, ಅಸಲಿಯನ್ನು ಪೆಟ್ಟಿಗೆಯಲ್ಲಿ ಇಡೋದು. ಎಷ್ಟೋ ಸೈನಿಕರು ಪರೇಡಿಗೂ ರೆಪ್ಲಿಕಾವನ್ನೇ ಹಾಕುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ, ಗಳಿಸಿದವರು ಅವರೇ ತಾನೆ.

ಆಯುಧಪೂಜೆಗೆ ಮೆಡಲಿಗೂ ಕುಂಕುಮ ಇಡ್ತೀವಿ. ತಪ್ಪಾ?

ಪೂಜೆ ಮಾಡೋದು ತಪ್ಪು ಅಂತ ನಾನು ಹೇಗೆ ಹೇಳಲಿ! ನಮ್ಮ ಮನೆಯಲ್ಲೂ ಇಡುತ್ತೇವೆ. ಕೊಡಗಿನಲ್ಲಿ ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಅನ್ನುವ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಮೆಡಲೂ ಪಕ್ಕಕ್ಕೆ ಬರೋದು ಸಹಜ. ಆದರೆ ಕುಂಕುಮ, ಅರಿಶಿನ, ಗಂಧ ಅಕ್ಷರದ ಸಂದಿಗೆ ಹೋದರೆ ಬಿಡಲ್ಲ. ಒದ್ದೆ ಹೂವು ಕಿಲುಬು ತರಿಸುತ್ತೆ. ಮೆಡಲನ್ನು ಮುಚ್ಚಿದ ಡಬ್ಬಿಯಲ್ಲೇ ಇಟ್ಟು ಡಬ್ಬಿಯ ಮೇಲೆ ಕುಂಕುಮ ಇಡಿ. ಫ್ರೇಮ್ ಇದ್ದರೆ ಗಾಜಿಗೆ ಇಡಿ.

ಯೂನಿಫಾರ್ಮಿಗೆ ಬೂಷ್ಟು, ನುಸಿ. ಏನು ಮಾಡೋದು?

ವರ್ಷಕ್ಕೊಮ್ಮೆ ಟ್ರಂಕು ತೆಗೆಯಿರಿ. ಮಳೆಗಾಲ ಮುಗಿದು ದಸರಾ ಬರುವ ಹೊತ್ತು ಇದಕ್ಕೆ ಸರಿ. ನೆರಳಿನಲ್ಲಿ, ಗಾಳಿ ಆಡುವ ಜಾಗದಲ್ಲಿ, ಚಾಪೆ ಮೇಲೆ ಅರ್ಧ ದಿನ ಹರಡಿ. ಬಿಸಿಲಿಗೆ ಹಾಕಿದರೆ ಆಲಿವ್ ಹಸಿರು ಕಂದು ಬಣ್ಣಕ್ಕೆ ತಿರುಗುತ್ತೆ.

ಒಳಗಿಡುವ ಮುಂಚೆ ಬಟ್ಟೆ ತೊಳೆದು ಪೂರ್ತಿ ಒಣಗಿರಲಿ. ಗಂಜಿ ಹಾಕಬೇಡಿ. ಸೇವೆಯಲ್ಲಿ ಗಂಜಿ ಹಾಕಿ ಕತ್ತಿ ಥರ ಇಸ್ತ್ರಿ ಮಾಡುತ್ತಿದ್ದದ್ದು ನಿಜ. ಆದರೆ ಟ್ರಂಕಿನಲ್ಲಿ ಗಂಜಿಯ ವಾಸನೆಗೆ ಹುಳ ಬರುತ್ತೆ. ಉಣ್ಣೆಯ ಕೋಟು, ಜರ್ಸಿಗಳನ್ನು ಬೇರೆ ಇಡಿ, ನುಸಿ ಮೊದಲು ಹೋಗೋದು ಅಲ್ಲಿಗೇ. ಹಿತ್ತಾಳೆ ಗುಂಡಿ, ಬ್ಯಾಡ್ಜು ಬಿಚ್ಚಲು ಬಂದರೆ ಬಿಚ್ಚಿ, ಬರದಿದ್ದರೆ ಕೆಳಗೆ ಒಂದು ಚೂರು ಹತ್ತಿ ಬಟ್ಟೆ ಸಿಕ್ಕಿಸಿ. ಇಲ್ಲದಿದ್ದರೆ ಕಿಲುಬು ಬಟ್ಟೆಗೆ ಹಸಿರು ಉಂಗುರ ಬಿಡುತ್ತೆ.

ಸುತ್ತಿಡಲು ಬಿಳಿ ಹಳೇ ಪಂಚೆಗಿಂತ ಒಳ್ಳೆಯದಿಲ್ಲ. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತೆ, ಕಾಗದ ಹಳದಿಯಾಗುತ್ತಾ ಬಟ್ಟೆಯನ್ನೂ ಹಳದಿ ಮಾಡುತ್ತೆ. ಪ್ಲಾಸ್ಟಿಕ್ ಚೀಲವೂ ಬೇಡ, ಒಳಗೆ ಬೆವರುತ್ತೆ. ನುಸಿಗುಳಿಗೆ ಹಾಕೋದಾದರೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಿ, ನೇರವಾಗಿ ತಾಗಬಾರದು. ಅಜ್ಜಿಯರು ರೇಷ್ಮೆ ಸೀರೆಗೆ ಇಡುತ್ತಿದ್ದ ಬಜೆ, ಒಣಗಿದ ಬೇವಿನ ಸೊಪ್ಪು ಇದಕ್ಕೂ ಆಗುತ್ತೆ. ಪ್ರತಿ ವರ್ಷ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಹರಿಯುತ್ತೆ. ಟ್ರಂಕಿನ ಕೆಳಗೆ ಎರಡು ಇಟ್ಟಿಗೆ ಕೊಡಿ, ನೆಲದ ಶೀತ ಏರಲ್ಲ.

ನಮ್ಮಪ್ಪನ ಒಂದು ಶರಟಿನ ಎಡ ಜೇಬಿನ ಒಳಗೆ ನೀಲಿ ಇಂಕಿನ ಕಲೆ ಇದೆ. ಪೆನ್ನು ಸೋರಿದ್ದು. ಅದನ್ನು ತೆಗೆಸಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ವಾರಕ್ಕೊಂದು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದ ಪೆನ್ನು ಅದು.

ಮಗುವಿಗೆ ಸ್ಕೂಲಿನಲ್ಲಿ ಸೈನಿಕನ ವೇಷ. ತಾತನ ಟೋಪಿ, ಮೆಡಲ್ ಹಾಕಲಾ?

ಆರು ವರ್ಷದ ಮಗುವನ್ನು ಯಾರೂ ಸೈನಿಕ ಅಂದುಕೊಳ್ಳಲ್ಲ, ಕಾನೂನಿನ ಭಯ ಬೇಡ. ಆದರೆ ಅಸಲಿ ಮೆಡಲ್ ಕಳಿಸಬೇಡಿ, ಒಂದು ಓಟಕ್ಕೆ ಕಳೆದುಹೋಗುತ್ತೆ. ಟೋಪಿ ತಾತನೇ ಹಾಕಿಕೊಂಡು ಮಗುವಿನ ಜೊತೆ ಸ್ಕೂಲಿಗೆ ಬಂದರೆ ಎಷ್ಟು ಚೆನ್ನ!

ಹಳೇ ಜರ್ಸಿ, ಬೂಟು ತೋಟಕ್ಕೆ ಹಾಕ್ತಾರೆ. ಅವಮಾನ ಅಲ್ವಾ?

ಅಲ್ಲ. ಅದು ಅವರದ್ದು, ಅವರ ಮೈಗೆ ಒಗ್ಗಿದ್ದು. ಡಿಸೆಂಬರ್ ಚಳಿಗೆ ಕಾಫಿ ಕುಯ್ಲಿನ ಹೊತ್ತು ಆ ಜರ್ಸಿಯಷ್ಟು ಬೆಚ್ಚಗಿನದು ಬೇರೆ ಸಿಗಲ್ಲ. ರ‍್ಯಾಂಕಿನ ಪಟ್ಟಿ, ಭುಜದ ಬ್ಯಾಡ್ಜು ಮಾತ್ರ ಬಿಚ್ಚಿ ಎತ್ತಿಡಿ. ಬೇರೆಯವರಿಗೆ ಕೊಡುವಾಗಲಂತೂ ಇದು ಮರೆಯಲೇಬಾರದು. ಹರಿದದ್ದನ್ನು ಗುಜರಿಗೆ ಹಾಕುವ ಬದಲು ಬ್ಯಾಡ್ಜು ತೆಗೆದು ಸುಟ್ಟುಬಿಡಿ.

ಈಚೆಗೆ ರಿಟೈರ್ ಆದವರ ಮನೆಯವರು ಒಂದು ವಿಷಯ ನೆನಪಿಡಿ. 2022ರ ಜನವರಿ 15ರಂದು ಸೈನ್ಯ ಹೊಸ ಕಾಂಬ್ಯಾಟ್ ಯೂನಿಫಾರ್ಮ್ ತೋರಿಸಿತು. ಕಂಪ್ಯೂಟರಿನಲ್ಲಿ ಮಾಡಿದ ಚೌಕಚೌಕ ಚುಕ್ಕಿಗಳ ವಿನ್ಯಾಸದ್ದು. ಅದರ ವಿನ್ಯಾಸವನ್ನು ಸೈನ್ಯ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ, ಹೊರಗೆ ಮಾರುವ ಹಾಗಿಲ್ಲ. ಅಂಥ ಬಟ್ಟೆಯನ್ನು ಯಾರಿಗೂ ದಾಟಿಸಬೇಡಿ.

ಮೆಡಲ್ ಕಳೆದುಹೋಗಿದೆ. ಮತ್ತೆ ಸಿಗುತ್ತಾ?

ಕೇಳಬಹುದು. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ತಗೊಳ್ಳಿ. ಹೇಗೆ ಕಳೆಯಿತು ಅಂತ ಒಂದು ಅಫಿಡವಿಟ್ ಮಾಡಿಸಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಮೆಡಲ್ ಪಟ್ಟಿ ಇರುವ ಪುಟದ ಜೆರಾಕ್ಸ್ ಸೇರಿಸಿ. ಇವನ್ನೆಲ್ಲ ಅಪ್ಪನ ದಳದ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ. ದಾರಿ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ, ಅರ್ಜಿ ಬರೆಯೋಕೆ ಅಲ್ಲಿ ಹೇಳಿಕೊಡುತ್ತಾರೆ.

ಸಿಗದೇ ಉಳಿದ ಮೆಡಲ್ ಕೂಡ ಇರುತ್ತೆ. ಸೇವೆ ಬಿಟ್ಟ ಮೇಲೆ ಮಂಜೂರಾಗಿ, ವಿಳಾಸ ಬದಲಾದದ್ದಕ್ಕೆ ಕೈಸೇರದೆ ಇದ್ದದ್ದು. ಬುಕ್ಕಿನ ಪಟ್ಟಿಯನ್ನೂ ಪೆಟ್ಟಿಗೆಯಲ್ಲಿರುವುದನ್ನೂ ಎಣಿಸಿ ನೋಡಿ.

ಮುತ್ತಾತನ ಬೆಳ್ಳಿ ಮೆಡಲ್ ಸಿಕ್ಕಿದೆ. ರಾಜನ ತಲೆ ಇದೆ. ಬ್ರಿಟಿಷರದ್ದು ಯಾಕೆ ಇಟ್ಟುಕೊಳ್ಳಬೇಕು?

ಒಂದು ಕಡೆ ಐದನೇ ಜಾರ್ಜ್‌ನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬೆತ್ತಲೆ ಸವಾರ, 1914 ಮತ್ತು 1918 ಅಂತ ಇಸವಿ ಇದ್ದರೆ ಅದು ಮೊದಲ ಮಹಾಯುದ್ಧದ್ದು. ಜೊತೆಗೆ ರೆಕ್ಕೆಯ ದೇವತೆ ಇರುವ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನಿನ ಕಂಚಿನದೊಂದು ಇರಬಹುದು. ಅಂಚು ನೋಡಿ. ಹಳೇ ಮೈಸೂರಿನ ಕಡೆಯವರಾದರೆ ಮೈಸೂರು ಲ್ಯಾನ್ಸರ್ಸ್ ಅಂತ ಇದ್ದರೂ ಇರಬಹುದು. 1918ರ ಸೆಪ್ಟೆಂಬರ್ 23ರಂದು ಮಶಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿ, ಜೋಧಪುರದವರ ಜೊತೆ ಸೇರಿ ಹೈಫಾ ಊರನ್ನು ಗೆದ್ದವರು ಅವರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕ ಇದೆ.

ಮೆಡಲ್ ಕೊಟ್ಟವನು ರಾಜ. ಕುದುರೆ ಓಡಿಸಿದವನು ನಮ್ಮವನು. ಆ ಬೆಳ್ಳಿಯನ್ನು ಕರಗಿಸಿ ಕಾಲ್ಗೆಜ್ಜೆ ಮಾಡಿಸಿದ ಮನೆಗಳು ಎಷ್ಟೋ ಇವೆ, ಕಷ್ಟಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಈಗ ಆ ಕಷ್ಟ ಇಲ್ಲದಿದ್ದರೆ ಕರಗಿಸಬೇಡಿ. ಬೆಳ್ಳಿಯ ತೂಕಕ್ಕಿಂತ ಅಂಚಿನ ಅಕ್ಷರಕ್ಕೆ ಬೆಲೆ ಜಾಸ್ತಿ ಅಂತ ಮೆಡಲ್ ಕೂಡಿಡುವವರಿಗೂ ಗೊತ್ತು. ಅದಕ್ಕೇ ಹುಡುಕಿಕೊಂಡು ಬರುತ್ತಾರೆ. ನೂರು ವರ್ಷ ದಾಟಿದ, ಚರಿತ್ರೆಗೆ ಸೇರಿದ ವಸ್ತುವನ್ನು ದೇಶದ ಹೊರಗೆ ಸಾಗಿಸೋಕೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತೆ ಅನ್ನೋದನ್ನು ಅವರಿಗೆ ನೆನಪಿಸಿ.

ಟ್ರಂಕಿನ ತಳದಲ್ಲಿ ಗುಂಡು ಸಿಕ್ಕಿದೆ!

ಮುಟ್ಟಬೇಡಿ, ತಿಕ್ಕಬೇಡಿ, ಮಕ್ಕಳನ್ನು ದೂರ ಇಡಿ. ಠಾಣೆಗೆ ಫೋನ್ ಮಾಡಿ. ಜೀವಂತ ಗುಂಡು ಲೈಸೆನ್ಸಿಲ್ಲದೆ ಇಟ್ಟುಕೊಳ್ಳೋದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಕೊಡವರಿಗೆ ಕೋವಿಗೆ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಮನೆಯ ಕೋವಿಯ ಮಾತು, ಸೈನ್ಯದ ಗುಂಡಿಗೆ ಅದು ಸೇರಲ್ಲ.

ನಾವು ಮೂರು ಜನ ಮಕ್ಕಳು. ಮೆಡಲ್ ಯಾರಿಗೆ?

ಸೆಟ್ ಒಡೆಯಬೇಡಿ. ಇದೊಂದನ್ನು ಕೈಮುಗಿದು ಕೇಳುತ್ತೇನೆ. ಅಣ್ಣನಿಗೆ ಸ್ಟಾರು, ತಮ್ಮನಿಗೆ ಸಂಗ್ರಾಮ್, ಅಕ್ಕನಿಗೆ ಮಿಕ್ಕದ್ದು ಅಂತ ಹಂಚಿದರೆ ಒಂದು ಜೀವನ ಮೂರು ಚೂರಾಗುತ್ತೆ. ಮುಂದಿನ ತಲೆಮಾರಿಗೆ ಯಾವ ಚೂರು ಎಲ್ಲಿದೆ ಅನ್ನೋದೂ ಗೊತ್ತಿರಲ್ಲ. ಒಬ್ಬರ ಬಳಿ ಇರಲಿ, ಇನ್ನಿಬ್ಬರು ರೆಪ್ಲಿಕಾ ಮಾಡಿಸಿಕೊಳ್ಳಲಿ. ಹೆಣ್ಣುಮಕ್ಕಳಿಗೆ ಕೊಡಬಾರದು ಅನ್ನೋ ನಿಯಮ ಎಲ್ಲೂ ಇಲ್ಲ. ಅಪ್ಪ ಇದ್ದಾಗಲೇ ಯಾರಿಗೆ ಅಂತ ಬರೆದಿಡಲು ಹೇಳಿ.

ಇಟ್ಟುಕೊಳ್ಳುವವರು ಯಾರೂ ಇಲ್ಲ, ಮಕ್ಕಳೆಲ್ಲ ಪರದೇಶ ಅಂದರೆ ರೆಜಿಮೆಂಟಿನ ಸೆಂಟರಿನ ಮ್ಯೂಸಿಯಮ್ಮಿಗೆ ಕೇಳಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ 2021ರ ಫೆಬ್ರುವರಿಯಿಂದ ಮ್ಯೂಸಿಯಂ ಆಗಿದೆ. ಒಮ್ಮೆ ಹೋಗಿ ನೋಡಿ, ವಸ್ತುವನ್ನು ಹೇಗೆ ಇಡಬೇಕು ಅನ್ನೋದೂ ತಿಳಿಯುತ್ತೆ. ಎಲ್ಲಿಗೆ ಕೊಟ್ಟರೂ ಪಟ್ಟಿ ಮಾಡಿ, ಫೋಟೋ ತೆಗೆದು, ಸಹಿ ಹಾಕಿದ ರಸೀದಿ ತಗೊಂಡೇ ಬನ್ನಿ.

ಅಪ್ಪ ಮೆಡಲ್ ಬಗ್ಗೆ ಏನೂ ಹೇಳಲ್ಲ. ಕೇಳಿದರೆ 'ಬಿಡು, ಎಲ್ಲರಿಗೂ ಕೊಟ್ಟರು' ಅಂತಾರೆ.

ಎಲ್ಲರ ಅಪ್ಪಂದಿರೂ ಹಾಗೇ ಅನ್ನುತ್ತಾರೆ. ನಮ್ಮಪ್ಪನೂ ಹಾಗೇ ಅಂದರು. ನಾನು ಒಪ್ಪಿಕೊಂಡು ಸುಮ್ಮನಾದೆ.

'ಯುದ್ಧದ ಕಥೆ ಹೇಳಿ' ಅಂತ ಕೇಳಬೇಡಿ. ಟ್ರಂಕು ತೆಗೆದು ಒಂದು ವಸ್ತು ಕೈಗೆ ಕೊಡಿ. 'ಈ ಬೂಟಿನ ಲೇಸು ಯಾಕೆ ಹೀಗೆ ಕಟ್ತಿದ್ರಿ?' ಅಂತ ಕೇಳಿ. ಊಟ ಏನಿತ್ತು, ಪಕ್ಕದ ಮಂಚದಲ್ಲಿ ಯಾರಿದ್ದರು, ರಜೆಗೆ ಬರುವಾಗ ಯಾವ ರೈಲು. ಕೈಯಲ್ಲಿ ವಸ್ತು ಇದ್ದರೆ ಮಾತು ತಾನಾಗಿ ಬರುತ್ತೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಿ. ಬೇಡ ಅಂದರೆ ಬಿಡಿ. ಕೆಲವರಿಗೆ ಆ ನೆನಪು ರಾತ್ರಿ ನಿದ್ದೆ ಕೆಡಿಸುತ್ತೆ, ಬಲವಂತ ಮಾಡಬಾರದು.

ಸಾಕ್ಷಿ ಹೇಳುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದು ಬೀಳಿಸಿದ್ದರು. ಅದನ್ನು ಕಂಡು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ. ವರ್ಷಗಳ ಮೇಲೆ ಬ್ರಿಟಿಷ್ ಲೇಖಕರೊಬ್ಬರ ಬರಹದಿಂದ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ.

ಪ್ರತಿ ಮೆಡಲಿನ ಜೊತೆ ಒಂದು ಚೀಟಿ ಇಡಿ. ಯಾವ ಮೆಡಲ್, ಯಾವ ಇಸವಿ, ಆಗ ಎಲ್ಲಿದ್ದರು, ಏನು ಮಾಡಿದರು, ಜೊತೆಗೆ ಯಾರಿದ್ದರು. ಕನ್ನಡದಲ್ಲೇ ಬರೆಯಿರಿ, ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ಸಿಲ್ ಅಕ್ಷರ ಶೀತಕ್ಕೆ ಹರಡಲ್ಲ.

ಪಶ್ಚಿಮಿ ಸ್ಟಾರಿನ ಜೊತೆ ನಾನಿಟ್ಟ ಚೀಟಿಯಲ್ಲಿ ಎರಡು ಸಾಲು ಇದೆ. ಮೊದಲನೆಯದು: 'ಡಿಸೆಂಬರ್ 1971, ಬಸಂತರ್ ನದಿ ಹತ್ತಿರ, ಟ್ಯಾಂಕುಗಳಿಗೆ ದಾರಿ ಮಾಡಲು ಮೈನ್ ತೆಗೆದರು.' ಎರಡನೆಯದು ಅಮ್ಮನಿಗೆ ನೆನಪಿದ್ದ ಅಪ್ಪನ ಮಾತು: 'ಕೈ ಸೆಟೆದು ಹೋಗಿತ್ತು, ಚಳಿ ಅಷ್ಟು.' ಅದರ ಕೆಳಗೆ ಆರು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಆ ಕಂಪನಿಯಲ್ಲಿ ಇದ್ದ ಒಬ್ಬ ತಂಬಿ ಅಂಕಲ್ ಕೋಲಾರದ ಕಡೆ ಇನ್ನೂ ಇದ್ದಾರೆ ಅಂತ ಈಚೆಗೆ ತಿಳಿಯಿತು. ಮಳೆ ಬಿಟ್ಟ ಮೇಲೆ ಸ್ಟಾರ್ ತಗೊಂಡು ಅವರ ಮನೆಗೆ ಹೋಗಬೇಕು.